ಹದಿಮೂರನೆಯ ತೂತು

ಪ್ರತಿ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ, ಅಮೆರಿಕದ ಡಲಾನೆಗಾ ಊರಾಚೆಯ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ, ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು, ಎಂಬತ್ತೊಂದು ವರ್ಷದ ಮಿಸ್ ವರ್ಬೀನಾ ಸ್ಟ್ಯಾನ್ಸಿಲ್ ಒಂದು ಕೊಲೆ ಮಾಡುತ್ತಿದ್ದಳು. ನಾಣ್ಯ ಸಂಗ್ರಹಿಸುವ ಹಾಯ್ಟ್ ಗ್ರಿಜಲ್‌ನ ಮಟ್ಟಿಗೆ ಅದು ಕೊಲೆಯೇ. ಅವಳು ಕೈಚೀಲದಿಂದ ಕೆಮ್ಮಿನ ಮಾತ್ರೆಯ ತಗಡಿನ ಡಬ್ಬಿ ತೆಗೆಯುವಳು. ಡಬ್ಬಿಯೊಳಗೆ, ಮಾತ್ರೆಗಳ ನಡುವೆ, ಅಂಗಿಯ ಗುಂಡಿಗಿಂತ ದೊಡ್ಡದಲ್ಲದ, 1861ರ ಒಂದು ಡಾಲರಿನ ಚಿನ್ನದ ನಾಣ್ಯ. ಅದನ್ನು ಎರಡು ಬೆರಳಲ್ಲಿ ಹಿಡಿದು ಎರಡು ಡಾಲರಿನ ಲಾಟರಿ ಟಿಕೇಟಿನ ಬೂದು ಪದರವನ್ನು ಕರಕರ ಕೆರೆಯುವಳು. ಕೆರೆದಾದ ಮೇಲೆ ನಾಣ್ಯಕ್ಕೆ ಮೆತ್ತಿದ ಕೊಳೆಯನ್ನು, ತಣ್ಣನೆಯ ಸಿಹಿ ಟೀಯಲ್ಲಿ ಅದ್ದಿದ ಪೇಪರ್ ನ್ಯಾಪ್ಕಿನ್ನಿನಿಂದ ಉಜ್ಜುವಳು. ಮೂರಡಿ ಆಚೆ, ಸಾಸೇಜು ತುಂಬಿದ ಬನ್ನಿನಂಥ ಬಿಸ್ಕಿಟ್ ಹಿಡಿದು ಕೂತ ಹಾಯ್ಟ್‌ಗೆ ಆ ಸದ್ದು ದವಡೆ ಹಲ್ಲಿನ ಬೇರಿಗೇ ತಾಗುತ್ತಿತ್ತು.

ಅದು ಎಂಥ ನಾಣ್ಯ! ಊರಿನ ಟಂಕಸಾಲೆ ಕೊನೆಯ ಬಾರಿ ಚಿನ್ನ ಹೊಡೆದದ್ದು ಆ ವರ್ಷ. ದೇಶದಿಂದ ಬೇರೆಯಾಗಲು ದಕ್ಷಿಣದ ರಾಜ್ಯಗಳವರು ದಂಗೆಯೆದ್ದು ಟಂಕಸಾಲೆಯನ್ನು ಕಿತ್ತುಕೊಂಡು, ಅಲ್ಲಿ ಉಳಿದಿದ್ದ ಚೂರುಪಾರು ಚಿನ್ನವನ್ನು ಡಾಲರು ಮಾಡಿದರು. ಎಷ್ಟು ಮಾಡಿದರೆಂದು ಬರೆದಿಡುವ ವ್ಯವಧಾನ ಯಾರಿಗೂ ಇರಲಿಲ್ಲ. ಒಂದು ಪಕ್ಕ ಗರಿ ಮುಡಿದ ರಾಣಿಯ ಮುಖ, ಸುತ್ತ ದೇಶದ ಹೆಸರು. ಇನ್ನೊಂದು ಪಕ್ಕ ಎಲೆಯ ಹಾರ, ಹಾರದ ಗಂಟಿನ ಕೆಳಗೆ ಡಲಾನೆಗಾದ ಪುಟ್ಟ ‘ಡಿ’. ದೇಶದ ಹೆಸರಿನಲ್ಲಿ ‘ಯುನೈಟೆಡ್’ ಎಂಬುದರ ಮೊದಲ ಅಕ್ಷರ ‘ಯು’ ಸರಿಯಾಗಿ ಮೂಡಿಯೇ ಇಲ್ಲ. ದೇಶ ಒಡೆಯಲು ಹೊರಟವರ ಕೈಯಲ್ಲಿ ಒಗ್ಗಟ್ಟಿನ ಮೊದಲ ಅಕ್ಷರ ಹೇಗೆ ಮೂಡೀತು ಎಂದು ಊರಿನವರು ಇವತ್ತಿಗೂ ನಗುತ್ತಾರೆ. ಅದನ್ನು ಮಾರಿದರೆ ಹೊಸ ಪಿಕಪ್ ಟ್ರಕ್ ಬರುತ್ತಿತ್ತು. ವರ್ಬೀನಾಳಿಗೆ ಅದು ಲಾಟರಿ ಕೆರೆಯುವ ಕಡ್ಡಿ.

ಹಾಯ್ಟ್‌ನ ಮನೆಯ ನೆಲಮಾಳಿಗೆಯಲ್ಲಿ ಒಂದು ವಾಲ್ನಟ್ ಮರದ ಹಲಗೆ ಇತ್ತು. ಅದರಲ್ಲಿ ಅವನೇ ಕೊರೆದ ಹದಿಮೂರು ತೂತು. ಡಲಾನೆಗಾದಲ್ಲಿ ಚಿನ್ನದ ಡಾಲರು ಹೊಡೆದದ್ದು ಹದಿಮೂರೇ ವರ್ಷ, ವರ್ಷಕ್ಕೊಂದು ತೂತು. ಮೂವತ್ತೊಂದು ವರ್ಷದಲ್ಲಿ, ಮೀನು ಹಿಡಿಯುವ ದೋಣಿ ಮಾರಿ, ಹೆಂಡತಿ ಯೂಲಾಳ ಹೊಸ ಅಡುಗೆಮನೆಯನ್ನು ಮೂರು ಸಲ ಮುಂದೂಡಿ, ಹನ್ನೆರಡು ತೂತು ತುಂಬಿಸಿದ್ದ. ಹದಿಮೂರನೆಯದು, ಮುಂದಿನ ಹಲ್ಲು ಬಿದ್ದವನು ನಕ್ಕಂತೆ, ದಿನವೂ ಅವನನ್ನು ನೋಡಿ ನಗುತ್ತಿತ್ತು.

ಕೇಳದೆ ಇದ್ದವನಲ್ಲ. ಕೇಳಿ ಕೇಳಿ ಸಾಕಾಗಿತ್ತು.

“ಮಿಸ್ ವರ್ಬೀನಾ, ಮೇಡಂ, ಆ ಟಿಕೇಟು ಕೆರೆಯೋಕೆ ಒಂದು ಪೆನ್ನಿ ಕೊಡ್ತೀನಿ. ಹೊಳೆಯೋ ಪೆನ್ನಿ.”

“ಪೆನ್ನಿಲಿ ಕೆರೆದ್ರೆ ಪೆನ್ನಿನೇ ಬರೋದು ಕಣೋ ಹಾಯ್ಟ್. ಚಿನ್ನದಲ್ಲಿ ಕೆರೆದ್ರೆ ಚಿನ್ನ ಬರುತ್ತೆ.”

“ಈ ಮೂವತ್ತೊಂದು ವರ್ಷದಲ್ಲಿ ಎಷ್ಟು ಬಂತು?”

“ಬರೋದು ಬಾಕಿ ಇದೆ. ಅದಕ್ಕೇ ಕೆರೀತಿರೋದು.”

ಮಾರುವುದಿಲ್ಲ. ಅವಳ ಮುತ್ತಜ್ಜ ಟಂಕಸಾಲೆಯಲ್ಲಿ ಕಲ್ಲಿದ್ದಲು ಹೊರುತ್ತಿದ್ದವನು ತಂದದ್ದು. ಪರೀಕ್ಷೆಗೂ ಕೊಡುವುದಿಲ್ಲ. “ನನ್ನ ಮುತ್ತಜ್ಜನ ಮೇಲೆ ನೀನು ಭೂತಗನ್ನಡಿ ಹಿಡೀತೀಯಾ?” ಎಂದು ಒಮ್ಮೆ ಕೇಳಿದ್ದಳು. ಆ ನಾಣ್ಯ ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಸಲವೂ ಹಾಯ್ಟ್‌ನ ಮೇಜಿನ ಮೇಲೆ ಬಂದಿರಲಿಲ್ಲ.

ಆ ಮೇಜಿಗೆ ಊರಿನಲ್ಲಿ ಬೆಲೆಯಿತ್ತು. ಹಾಯ್ಟ್ ಇಪ್ಪತ್ತೆಂಟು ವರ್ಷ ತೂಕ ಅಳತೆಯ ಇನ್ಸ್‌ಪೆಕ್ಟರಾಗಿ, ಬಂಕುಗಳಲ್ಲಿ ಹನಿ ಪೆಟ್ರೋಲ್ ಕಡಿಮೆ ಸುರಿದರೂ ಬೀಗ ಜಡಿದು ನಿವೃತ್ತನಾದವನು. ಊರಿನ ನಾಣ್ಯ ಕ್ಲಬ್ಬಿನಲ್ಲಿ ನಕಲಿ ನಾಣ್ಯ ಹಿಡಿಯುವ ಸಮಿತಿಗೆ ಅವನೇ ಅಧ್ಯಕ್ಷ, ಅವನೇ ಸದಸ್ಯ. ಅನುಮಾನದ ನಾಣ್ಯವನ್ನು ಅವನು ಒಂದೇ ಕ್ರಮದಲ್ಲಿ ನೋಡುತ್ತಿದ್ದ: ಏಪ್ರನ್ ಕಟ್ಟಿಕೊಳ್ಳುವುದು, ದೀಪ ಹಚ್ಚುವುದು, ತೂಕ, ಅಳತೆ, ಅಂಚು, ಅಕ್ಷರ. ನಕಲಿಯೆಂದು ಖಾತ್ರಿಯಾದರೆ ಸೂಜಿಮೊನೆಯ ಪುಟ್ಟ ಉಳಿಯಿಂದ ರಾಣಿಯ ಕುತ್ತಿಗೆಯ ಬುಡದಲ್ಲಿ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಮೂರು ಚುಕ್ಕೆ. ಕ್ಲಬ್ಬಿನವರು ಅದಕ್ಕೆ ‘ಹಾಯ್ಟ್‌ನ ಸಿಡುಬು’ ಎಂದು ಹೆಸರಿಟ್ಟಿದ್ದರು. ಸಿಡುಬು ಬಿದ್ದ ನಾಣ್ಯ ಮತ್ತೆ ಯಾರನ್ನೂ ಮೋಸ ಮಾಡಲಾರದು. ಇಲ್ಲಿಯವರೆಗೆ ನಾನೂರಕ್ಕೂ ಹೆಚ್ಚು ನಾಣ್ಯಕ್ಕೆ ಸಿಡುಬು ಬರಿಸಿದ್ದ; ಹೆಮ್ಮೆಯಿತ್ತು.

ಕದಿಯುವ ಯೋಚನೆ ಬಂದದ್ದು ಆಗಸ್ಟಿನ ಒಂದು ಶುಕ್ರವಾರ, ವರ್ಬೀನಾ ಒಂದೇ ಕೂತಲ್ಲಿ ಒಂಬತ್ತು ಟಿಕೇಟು ಕೆರೆದಾಗ. ಹಾಯ್ಟ್ ಅದನ್ನು ಕಳ್ಳತನ ಎಂದು ಕರೆಯಲಿಲ್ಲ. ಉರಿಯುವ ಮನೆಯಿಂದ ಮಗುವನ್ನು ಎತ್ತಿಕೊಂಡು ಬಂದವನನ್ನು ಯಾರಾದರೂ ಕಳ್ಳನೆಂದಾರೆಯೇ? ನಾಣ್ಯವನ್ನು ಪಾರುಮಾಡಬೇಕು, ಅಷ್ಟೆ. ಜಾಗದಲ್ಲಿ ಇನ್ನೊಂದನ್ನು ಇಟ್ಟುಬಿಟ್ಟರೆ ಮುದುಕಿಗೂ ನಷ್ಟವಿಲ್ಲ. ತನ್ನನ್ನು ಕೆರೆದದ್ದು ಯಾವ ನಾಣ್ಯವೆಂದು ಟಿಕೇಟಿಗೆ ಗೊತ್ತಾಗುವುದಿಲ್ಲ. ಇನ್ನು ಅನುಮಾನ. ಯಾರಿಗಾದರೂ ಅನುಮಾನ ಬಂದರೆ ನಾಣ್ಯವನ್ನು ಎಲ್ಲಿಗೆ ತರಬೇಕು? ಸುತ್ತ ನೂರು ಮೈಲಿಯಲ್ಲಿ ಇದನ್ನು ಬಲ್ಲವನು ಒಬ್ಬನೇ. ಆ ಒಬ್ಬನ ಅಭಿಪ್ರಾಯ ಏನಿರುತ್ತದೆಂದು ಹಾಯ್ಟ್‌ಗೆ ಚೆನ್ನಾಗಿ ಗೊತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡಲು ಹೊಲ ಬೇಲಿಯ ಬಳಿಗೇ ಬರಬೇಕಲ್ಲ.

ಅದೇ ವರ್ಷ ಫಿಲಡೆಲ್ಫಿಯಾದಲ್ಲೂ ಚಿನ್ನದ ಡಾಲರು ಹೊಡೆದಿದ್ದರು, ಧಾರಾಳವಾಗಿ. ಅದೇ ತೂಕ, ಅದೇ ಚಿನ್ನ, ಅದೇ ರಾಣಿ, ‘ಡಿ’ ಒಂದಿಲ್ಲ. ಹಾಯ್ಟ್ ಅಂಥದೊಂದನ್ನು ಅಟ್ಲಾಂಟಾದಲ್ಲಿ, ಯಾರೂ ನೆನಪಿಟ್ಟುಕೊಳ್ಳದ ಅಂಗಡಿಯಲ್ಲಿ ಕೊಂಡ. ಕೂದಲೆಳೆಯಷ್ಟು ಚಿನ್ನದ ತಂತಿಯನ್ನು ಬಗ್ಗಿಸಿ ‘ಡಿ’ ಮಾಡಲು ಐದು ವಾರ ಹಿಡಿಯಿತು. ಇಲ್ಲದ ‘ಡಿ’ ಅಂಟಿಸಿದವರು ಮಾಡುವ ತಪ್ಪುಗಳೆಲ್ಲ ಅವನಿಗೆ ಬಾಯಿಪಾಠ. ಒಬ್ಬ ನೇರ ನಿಲ್ಲಿಸುತ್ತಾನೆ, ಅದು ತುಸು ವಾಲಿರಬೇಕು. ಇನ್ನೊಬ್ಬ ಬೆಸುಗೆಯ ಕಲೆ ಬಿಡುತ್ತಾನೆ. ಮುಕ್ಕಾಲುಪಾಲು ಜನ ಆ ಬಡಪಾಯಿ ‘ಯು’ವನ್ನು ಸವೆಸಲು ಮರೆತೇಬಿಡುತ್ತಾರೆ. ಹಾಯ್ಟ್ ಯಾವುದನ್ನೂ ಮರೆಯಲಿಲ್ಲ. ‘ಯು’ವನ್ನು ಮೃದುವಾದ ಮರದ ಕಡ್ಡಿಯಿಂದ ಒಂದು ವಾರ ಸವೆಸಿದ. ಬೇರೆಯವರ ಕೆಲಸವಾಗಿದ್ದರೆ ಇಂಥ ಕಳ್ಳನಿಗೆ ಟೋಪಿ ತೆಗೆದು ನಮಸ್ಕರಿಸುತ್ತಿದ್ದೆ ಎಂದುಕೊಂಡ.

ಉಳಿದದ್ದು ಗೀರುಗಳು. ಮೂವತ್ತೊಂದು ವರ್ಷದ ಲಾಟರಿಯ ಗೀರು ನಾಣ್ಯದ ಅಂಚಿನಲ್ಲಿರಬೇಕಾದರೆ ಲಾಟರಿಯನ್ನೇ ಕೆರೆಯಬೇಕು, ಬೇರೆ ದಾರಿಯಿಲ್ಲ. ಹಾಯ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಹಿರಿಯ. ಲಾಟರಿ ಸೈತಾನನ ಚೀಟಿಯೆಂದು ಭಾನುವಾರದ ತರಗತಿಯಲ್ಲಿ ಹದಿನೆಂಟು ಸಲ ಹೇಳಿದ್ದವನು. ಅಂಥವನು ಕಿವಿ ಮುಚ್ಚುವ ಟೋಪಿ ಹಾಕಿಕೊಂಡು, ಎರಡು ಊರು ದಾಟಿ ಹೋಗಿ, ಅರವತ್ತು ಟಿಕೇಟು ತಂದು ನೆಲಮಾಳಿಗೆಯಲ್ಲಿ ಕೂತು ಕೆರೆದ. ನಲವತ್ತೊಂದನೆಯದರಲ್ಲಿ ಐನೂರು ಡಾಲರು ಬಹುಮಾನ ಬಂತು. ಹಾಯ್ಟ್ ಅದನ್ನು ಎರಡು ನಿಮಿಷ ದಿಟ್ಟಿಸಿದ. ಪಡೆಯಲು ಹೋದರೆ ಸಹಿ ಹಾಕಬೇಕು, ಸಹಿ ಹಾಕಿದರೆ ಸುಳಿವು ಸಿಗುತ್ತದೆ, ಜೊತೆಗೆ ಪಾಪ. ಒಲೆಗೆ ಹಾಕಿದ. ಅಪರಾಧಕ್ಕಾಗಿ ಇಷ್ಟು ಶಿಸ್ತಿನಿಂದ ತ್ಯಾಗ ಮಾಡಿದವರು ಈ ಬೆಟ್ಟಗಳಲ್ಲಿ ಬೇರೆ ಯಾರಿದ್ದಾರೆ ಎನ್ನಿಸಿ ಕಣ್ಣು ಸ್ವಲ್ಪ ಒದ್ದೆಯಾಯಿತು.

ಅಕ್ಟೋಬರಿನ ಮೊದಲ ಬುಧವಾರ ಮಧ್ಯಾಹ್ನ ಕೊನೆಯ ಪರೀಕ್ಷೆ. ಇಲ್ಲಿ ಹಾಯ್ಟ್ ತನ್ನ ಮೇಲೆ ತಾನೇ ದಯೆ ತೋರಿಸಲಿಲ್ಲ. ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡರೆ ಅದು ಪರೀಕ್ಷೆಯಲ್ಲ. ಯಾರೋ ಅಪರಿಚಿತ ಮೋಸಗಾರ ತಂದುಕೊಟ್ಟ ನಾಣ್ಯವೆಂದು ಭಾವಿಸಿಕೊಂಡು, ಏಪ್ರನ್ ಕಟ್ಟಿ, ದೀಪ ಹಚ್ಚಿ, ಎಂದಿನ ಕ್ರಮದಲ್ಲೇ ಶುರುಮಾಡಿದ. ತೂಕ ಸರಿ. ಅಳತೆ ಸರಿ. ಅಂಚು ನೋಡುತ್ತಿರುವಾಗ ಫೋನು ಬಂತು. ವರ್ಬೀನಾ.

ಅವಳ ಫೋನೆಂದರೆ ಮುಕ್ಕಾಲು ಗಂಟೆ. ಹಾಯ್ಟ್ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕೆಲಸ ಮುಂದುವರಿಸಿದ. ಮರಕುಟಿಗವೊಂದು ಅವಳ ಜಗುಲಿಯ ಕಂಬವನ್ನು ತೂತು ಮಾಡುತ್ತಿದೆಯಂತೆ. ಪಕ್ಕದ ಮನೆಯವರು ಅವಳ ಪೀಚ್ ಮರ ಕಡಿಯಲು ಹೇಳುತ್ತಾರಂತೆ, ಅವರ ಮನೆ ಹಾಳಾಗ. ಆಮೇಲೆ ಇದ್ದಕ್ಕಿದ್ದಂತೆ, “ಹಾಯ್ಟ್, ನಿನ್ನ ಆ ಹಲಗೆಯ ತೂತು ಎಷ್ಟು ಅಗಲ ಇದೆಯೋ?” ಎಂದಳು.

“ಹದಿನೈದು ಮಿಲಿಮೀಟರು, ಮೇಡಂ,” ಎಂದ, ‘ಡಿ’ಯ ವಾಲು ನೋಡುತ್ತ. ಮುದುಕರ ತಲೆಯಲ್ಲಿ ಏನೇನೋ ಓಡುತ್ತಿರುತ್ತದೆ.

“ಅದೇನೋ ಕುಟುಕುಟು ಅಂತಿದೆಯಲ್ಲ. ಮರಕುಟಿಗ ನಿಮ್ಮ ಮನೆಗೂ ಬಂತಾ?”

“ಇಲ್ಲ ಮೇಡಂ. ಫೋನಿನ ಲೈನಿರಬೇಕು.”

ಅವಳು ಫೋನಿಡುವ ಹೊತ್ತಿಗೆ ಹಾಯ್ಟ್‌ನ ಮನಸ್ಸು ನಿರ್ಣಯಕ್ಕೆ ಬಂದಿತ್ತು: ಇದನ್ನು ಹಿಡಿಯಲು ದೇವರಿಗೂ ಆಗದು. ಕೈಗಳು ತಮ್ಮಷ್ಟಕ್ಕೆ ತಾವೇ ಮೇಜನ್ನೆಲ್ಲ ಒಪ್ಪಮಾಡಿ, ಸಲಕರಣೆಗಳನ್ನು ಒರೆಸಿ ಡ್ರಾಯರಿನಲ್ಲಿಟ್ಟು, ನಾಣ್ಯವನ್ನು ಹತ್ತಿಯಲ್ಲಿ ಸುತ್ತಿಟ್ಟಿದ್ದವು. ಮೂವತ್ತೊಂದು ವರ್ಷದ ಅಭ್ಯಾಸ. ಅಚ್ಚುಕಟ್ಟಾದ ಕೈ.

ಅದಲುಬದಲು ಮಾಡುವುದೇ ಎಲ್ಲಕ್ಕಿಂತ ಕಷ್ಟದ ಭಾಗ. ಅದಕ್ಕೆ ಹಾಯ್ಟ್ ತನ್ನ ಧರ್ಮ ಕೆಡಿಸಿಕೊಳ್ಳಬೇಕಿತ್ತು. ನಾಣ್ಯ ಸಂಗ್ರಹಿಸುವವನು ಹಸಿದು ಸಾಯಬಹುದು, ನಾಣ್ಯವನ್ನು ಉಜ್ಜಬಾರದು. ಆದರೆ ವರ್ಬೀನಾ ಕೈಯಿಂದ ಅದು ಸಿಗುವ ಗಳಿಗೆ ಒಂದೇ: ಟಿಕೇಟು ಕೆರೆದ ಮೇಲೆ, ಉಜ್ಜುವ ಮೊದಲು. ಹದಿನೈದು ದಿನ ಮನೆಯಲ್ಲಿ ಪೆನ್ನಿಯನ್ನಿಟ್ಟುಕೊಂಡು ಉಜ್ಜುವುದನ್ನು ಅಭ್ಯಾಸ ಮಾಡಿದ. ಮೊದಲ ದಿನ ಪೆನ್ನಿಯನ್ನು ನ್ಯಾಪ್ಕಿನ್ನಿನಲ್ಲಿ ಸುತ್ತಿ, ಉಜ್ಜದೆ ಹಾಗೆಯೇ ಕೆಳಗಿಟ್ಟ. ಕೊನೆಗೆ, ಕಣ್ಣು ಮುಚ್ಚಿಕೊಂಡರೆ, ಉಜ್ಜಬಲ್ಲವನಾದ.

ಅಭ್ಯಾಸ ಮುಗಿದ ಮೇಲಿನ ಶುಕ್ರವಾರ ಅವಳು ಆರನೆಯ ಟಿಕೇಟು ಮುಗಿಸಿ ನ್ಯಾಪ್ಕಿನ್ನಿಗೆ ಕೈ ಹಾಕಿದಾಗ, ಹಾಯ್ಟ್ ತನ್ನ ತಟ್ಟೆ ಹಿಡಿದು ಅವಳ ಮೇಜಿಗೆ ಬಂದ.

“ಕೊಡಿ ಮಿಸ್ ವರ್ಬೀನಾ, ನಾನೇ ಒರೆಸಿಕೊಡ್ತೀನಿ.”

ಅವಳು ಕನ್ನಡಕ ಮೇಲೆತ್ತಿ ನೋಡಿದಳು. “ನೀನಾ? ನಾಣ್ಯ ಒರೆಸ್ತೀಯಾ? ಜ್ವರಗಿರ ಬಂದಿದೆಯೇನೋ ಮಗಾ?”

“ಎಷ್ಟು ದಿನ ಅಂತ ನಿಮ್ಮ ಜೊತೆ ಗುದ್ದಾಡ್ಲಿ. ಸೋತೆ ಅಂತ ಇಟ್ಕೊಳ್ಳಿ.”

ವರ್ಬೀನಾಳ ಮುಖ ಯಾಕೋ ಮೃದುವಾಯಿತು. ಅವಳು ನಾಣ್ಯವನ್ನು ಅವನ ಅಂಗೈಯಲ್ಲಿಟ್ಟು, ತನ್ನ ಸುಕ್ಕುಗಟ್ಟಿದ ಬೆರಳಿಂದ ಅವನ ಬೆರಳುಗಳನ್ನು ಮುಚ್ಚಿದಳು. ನಾಣ್ಯ ಒಂದು ನ್ಯಾಪ್ಕಿನ್ನಿನೊಳಗೆ ಹೋಯಿತು. ತಟ್ಟೆಯಡಿಯ ಇನ್ನೊಂದು ನ್ಯಾಪ್ಕಿನ್ನಿನಿಂದ, ಸಿಹಿ ಟೀಯಲ್ಲಿ ನೆನೆದು ಹೊಳೆಯುತ್ತ, ಇನ್ನೊಂದು ಹೊರಬಂತು. ಅಸಲಿಯನ್ನು ಅವನು ಉಜ್ಜಲಿಲ್ಲ. ಅಷ್ಟರಮಟ್ಟಿಗೆ ಧರ್ಮವೂ ಉಳಿಯಿತು.

ಮನೆಗೆ ಬಂದು, ನೆಲಮಾಳಿಗೆಯ ಬಾಗಿಲು ಹಾಕಿಕೊಂಡು, ಹದಿಮೂರನೆಯ ತೂತಿಗೆ ನಾಣ್ಯವನ್ನು ಒತ್ತಿದ. ಟಕ್ಕೆಂದು ಕೂತಿತು. ಹಾಯ್ಟ್ ಗ್ರಿಜಲ್, ಅರವತ್ತಾರು ವರ್ಷದವನು, ಮಕ್ಕಳಂತೆ ಅತ್ತುಬಿಟ್ಟ. ಸುಖವೆಂದರೆ ಇದೇ. ಎರಡು ವಾರದ ಮೇಲೆ, ಈ ಸುಖವನ್ನು ಯಾರಿಗೂ ತೋರಿಸುವಂತಿಲ್ಲವೆಂಬುದೂ ಅರ್ಥವಾಯಿತು. ಯೂಲಾ ಬಟ್ಟೆ ಒಗೆಯಲು ಕೆಳಗಿಳಿದರೆ ಕಾಣದಿರಲೆಂದು ಹಲಗೆಯನ್ನು ಗೋಡೆಗೆ ಮುಖಮಾಡಿ ತೂಗುಹಾಕಿದ. ಈಗ ತೂತು ನೋಡಿ ನಗುವುದು ನಿಂತಿತ್ತು. ಅವನಿಗೂ ಹಲಗೆಯ ಬೆನ್ನೇ ಕಾಣುತ್ತಿತ್ತು.

ಶುಕ್ರವಾರ ಬಂಕಿಗೆ ಹೋಗುವುದನ್ನು ಬಿಡಲಿಲ್ಲ, ಬಿಟ್ಟರೆ ಅನುಮಾನ. ವರ್ಬೀನಾ ಕೆರೆದಳು, ಅವನು ಬಿಸ್ಕಿಟ್ ತಿಂದ, ಹಲ್ಲು ನೋಯಲಿಲ್ಲ.

“ಇತ್ತೀಚೆಗೆ ಚೆನ್ನಾಗಿ ಕೆರೀತಿದೆ ಕಣೋ, ಗೊತ್ತಾ?” ಎಂದಳು.

ಹಾಯ್ಟ್ ತಲೆ ತಗ್ಗಿಸಿಕೊಂಡ. ಒಳ್ಳೆಯ ಕೆಲಸಗಾರನಿಗೆ ಹೊಗಳಿಕೆ ಸಿಕ್ಕಾಗ ಆಗುವ ನಾಚಿಕೆ ಅದು.

ನವೆಂಬರಿನ ಎರಡನೆಯ ಶನಿವಾರ ಕ್ಲಬ್ಬಿನ ವಾರ್ಷಿಕ ಊಟ, ಮಧ್ಯಾಹ್ನ, ಚರ್ಚಿನ ಹಾಲಿನಲ್ಲಿ. ಯೂಲಾ ಕಾರು ಓಡಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಮೇಜುಬಟ್ಟೆಯಲ್ಲಿ ಸುತ್ತಿದ ಚಪ್ಪಟೆ ವಸ್ತು ಇತ್ತು. ಕಾರು ನಿಂತಾಗ ಬಟ್ಟೆ ಜಾರಿ, ವಾಲ್ನಟ್ ಮರದ ಮೂಲೆ ಕಂಡಿತು.

“ಅದೇನದು?” ಎಂದ ಹಾಯ್ಟ್.

“ನಿನ್ನ ಹಲಗೆ. ಗೋಡೆಯಿಂದ ಹಂಗೇ ಕಿತ್ತು ಸುತ್ಕೊಂಡು ಬಂದೆ. ಮಿಸ್ ವರ್ಬೀನಾ ತರೋಕೆ ಹೇಳಿದ್ರು. ಏನಕ್ಕೆ ಅಂತ ಕೇಳ್ಬೇಡ, ನಾನು ಹೇಳಲ್ಲ,” ಎಂದು ಯೂಲಾ ನಗುತ್ತ ಇಳಿದು, ಡಿಕ್ಕಿಯಲ್ಲಿದ್ದ ಪೀಚ್ ಹಣ್ಣಿನ ಬಿಸಿ ಸಿಹಿತಿಂಡಿ, ಕಾಬ್ಲರ್, ತರಲು ಹೋದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವನಲ್ಲ ತಾನು ಎಂದು ಹಾಯ್ಟ್ ತಿಳಿದಿದ್ದ. ಆದರೂ ಕೈ ಆಗಲೇ ಬಟ್ಟೆಯೊಳಗಿತ್ತು. ಹಲಗೆಯ ಬೆನ್ನಿಗೆ ಹೊದಿಸಿದ್ದ ಮಖಮಲ್ಲಿನ ಮೇಲಿಂದ ಹೆಬ್ಬೆರಳಲ್ಲಿ ಒತ್ತಿದ. ನಾಣ್ಯ ಎಗರಿ ಅಂಗೈಗೆ ಬಂತು. ಬಟ್ಟೆ ಸರಿಮಾಡಿ ಇಳಿದು, ಜೇಬಿಗೆ ಹಾಕಬೇಕು, ಅಷ್ಟರಲ್ಲಿ ಯೂಲಾ ಕಾಬ್ಲರಿನ ಪಾತ್ರೆಯನ್ನು ಅವನೆದೆಗೆ ಒತ್ತಿದಳು.

“ಹಿಡಿ ಹಿಡಿ, ನನ್ನ ಕೈ ಸುಡ್ತಿದೆ! ಎರಡೂ ಕೈಯಲ್ಲಿ!”

ಪಾತ್ರೆ ಹಿಡಿಯುವ ಮೊದಲಿನ ಅರೆಗಳಿಗೆಯಲ್ಲಿ, ಕೆಮ್ಮು ಬಂದವನಂತೆ ಕೈಯನ್ನು ಬಾಯಿಗೆ ತಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಗೋಳಾಡುತ್ತಾರೆ. ಹಾಯ್ಟ್‌ನದು ಬಾಯಿಗೂ ಬಂದಿತ್ತು. ಅಮೆರಿಕದ ಅಪರೂಪದ ನಾಣ್ಯಗಳಲ್ಲೊಂದು ಅವನ ಎಡ ದವಡೆಗೂ ಕೆನ್ನೆಗೂ ನಡುವೆ ಕೂತಿತು. ತುಸು ಕೆಮ್ಮಿನ ಮಾತ್ರೆಯ ರುಚಿ ಇತ್ತು.

ಅದನ್ನು ಹೊರತೆಗೆಯಲು ಅವಕಾಶವೇ ಸಿಗಲಿಲ್ಲ. ಬಾಗಿಲಲ್ಲೇ ವರ್ಬೀನಾ ಅವನ ಕೈ ಹಿಡಿದವಳು, ಊಟ ಮುಗಿಯುವವರೆಗೂ ಬಿಡಲಿಲ್ಲ. ಕ್ಲಬ್ಬಿನ ಅಧ್ಯಕ್ಷ, ಊರಿನ ಕ್ಷೌರಿಕ ಡೂಯಿ ಕೇಗಲ್, ಎಂದಿನಂತೆ ಹಾಯ್ಟ್‌ಗೇ ಪ್ರಾರ್ಥನೆ ಮಾಡಲು ಹೇಳಿದ. ಹಾಯ್ಟ್ ಎದ್ದು ನಿಂತು, ತಲೆ ಬಗ್ಗಿಸಿ, ತುಂಬ ಹೊತ್ತು ಸುಮ್ಮನಿದ್ದು, “ಆಮೆನ್” ಎಂದ. ಇಷ್ಟು ಹೃದಯ ತಟ್ಟುವ ಪ್ರಾರ್ಥನೆ ಈಚೆಗೆ ಕೇಳಿರಲಿಲ್ಲವೆಂದು ಎರಡು ಮೂರು ಜನ ಹೇಳಿದರು. ಹುರಿದ ಕೋಳಿ ಬಂತು, ಬೆಂಡೆಕಾಯಿ ಬಂತು. ಹಾಯ್ಟ್ ಮುಟ್ಟಲಿಲ್ಲ.

“ಹಲ್ಲುನೋವಾ ಮಗಾ? ಎಡಗಡೆ ಊದಿದೆ.”

“ಹೂಂ,” ಎಂದ.

ವರ್ಬೀನಾ ತಗಡಿನ ಡಬ್ಬಿ ತೆರೆದಳು. ಒಳಗೆ ಅವನ ಐದು ವಾರದ ಕೈಕೆಲಸ ಮಿನುಗುತ್ತಿತ್ತು. ಅದರ ಪಕ್ಕದಿಂದ ಒಂದು ಕೆಮ್ಮಿನ ಮಾತ್ರೆ ಎತ್ತಿ ತಾನೇ ಅವನ ಬಾಯಿಗಿಟ್ಟಳು. ಈಗ ಬಲಗಡೆಯೂ ಊದಿತು.

ಕಾಬ್ಲರ್ ಮುಗಿದ ಮೇಲೆ ಅವಳು ಎದ್ದು ನಿಂತಳು. “ನನಗೆ ಭಾಷಣ ಬರಲ್ಲ. ಈ ಮನುಷ್ಯ ಮೂವತ್ತೊಂದು ವರ್ಷದಿಂದ ಪ್ರತಿ ಶುಕ್ರವಾರ ನನ್ನ ಕೈಯನ್ನೇ ನೋಡಿ ನೋಡಿ ಬಡವಾಗಿದ್ದಾನೆ. ಒಂದು ಸಲನಾದ್ರೂ ಕದಿಯೋಕೆ ನೋಡ್ಲಿಲ್ಲ, ಮೋಸ ಮಾಡೋಕೆ ನೋಡ್ಲಿಲ್ಲ. ಬೇಸಿಗೆಯಲ್ಲೇ ಮನಸ್ಸು ಮಾಡಿದ್ದೆ, ತೂತಿನ ಅಳತೆನೂ ಕೇಳಿದ್ದೆ. ಆಮೇಲೆ ಒಂದಿನ ಬಂದು, ‘ಸೋತೆ, ನಾನೇ ಒರೆಸಿಕೊಡ್ತೀನಿ’ ಅಂದ ನೋಡಿ, ಅವತ್ತು ಮನೆಗೆ ಹೋಗಿ ಅತ್ತುಬಿಟ್ಟೆ. ಯೂಲಾ, ಆ ಹಲಗೆ ತಾರಮ್ಮ. ಹಾಯ್ಟ್, ಈ ನಾಣ್ಯ ನಿಂದು.”

ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಯ್ಟ್‌ಗೆ ಮೊದಲು ಆದದ್ದು ನಾಚಿಕೆ, ನೆಲ ಬಾಯಿಬಿಡಬಾರದೇ ಎನ್ನುವಂಥ ನಾಚಿಕೆ. ಸುಮ್ಮನೆ ಬಿಸ್ಕಿಟ್ ತಿನ್ನುತ್ತ ಕೂತಿದ್ದರೆ ಸಾಕಿತ್ತು! ಅವಳ ಮುಖ ನೋಡಲಾಗದೆ ಕಣ್ಣಲ್ಲಿ ನೀರು ತುಂಬಿತು. ಆದರೆ ತೂಕ ಅಳತೆಯ ಮನಸ್ಸು ಬೇಗ ಸಮತೂಕಕ್ಕೆ ಬಂತು. ನಕಲಿ ತನಗೇ ವಾಪಸು ಬರುತ್ತಿದೆ. ಮನೆಗೆ ಹೋಗಿ ಅದನ್ನು ಕರಗಿಸಿ, ಬಾಯಲ್ಲಿರುವುದನ್ನು ತೂತಿಗೆ ಒತ್ತಿದರೆ, ಇಡೀ ಊರಿನ ಎದುರು ಕೊಟ್ಟ ಅಸಲಿ ನಾಣ್ಯ, ನ್ಯಾಯವಾಗಿ ತನ್ನದು. ಹಲಗೆಯನ್ನು ಗೋಡೆಗೆ ಬೆನ್ನುಮಾಡಿಯೇ ತೂಗುಹಾಕಬಹುದು. ಕದ್ದದ್ದು ಕದ್ದದ್ದೇ ಅಲ್ಲವೆಂದು ಆಗುವ ಕಳ್ಳತನ! ಯೂಲಾ ಬಟ್ಟೆ ಸರಿಸಿದಳು. ಹದಿಮೂರನೆಯ ತೂತು ಖಾಲಿಯಾಗಿ, ಅಮಾಯಕವಾಗಿ ಕಾಯುತ್ತಿತ್ತು. ಹಾಯ್ಟ್ ಕೈ ಚಾಚಿದ.

“ತಡಿ ತಡಿ,” ಎಂದ ಡೂಯಿ. “ನಿಯಮ ಒಂಬತ್ತು. ಕ್ಲಬ್ಬಿನಲ್ಲಿ ಕೈ ಬದಲಾಗೋ ನಾಣ್ಯ ಮೊದಲು ಪರದೆ ಮೇಲೆ ಬರಬೇಕು. ನೀನೇ ಬರೆದದ್ದಲ್ವಾ? ನನ್ನಜ್ಜಿ ಸತ್ತಾಗ ಅವಳ ಮೂರು ಪೆನ್ನಿಗೂ ಬಿಡ್ಲಿಲ್ಲ ನೀನು.”

ಹಾಯ್ಟ್ ಧಾರಾಳವಾಗಿ ತಲೆಯಾಡಿಸಿದ. ಪರದೆಯ ಮೇಲೆ ಏನು ಬಂದೀತೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಡೂಯಿ ನಾಣ್ಯವನ್ನು ಕ್ಯಾಮೆರಾದ ಕೆಳಗಿಟ್ಟ. ಗುಂಡಿಯಷ್ಟಿದ್ದದ್ದು ಗೋಡೆಯಷ್ಟಾಯಿತು. ಮೊದಲು ಹಾರ, ಗಂಟು, ‘ಡಿ’. ಸರಿಯಾಗಿ ವಾಲಿತ್ತು. ಜನ ಉಸಿರೆಳೆದುಕೊಂಡರು. ಡೂಯಿ ನಾಣ್ಯ ತಿರುಗಿಸಿದ. ಗರಿ ಮುಡಿದ ರಾಣಿ. ಮೇಲೆ, ಇದ್ದೂ ಇಲ್ಲದ ‘ಯು’. ಹಿಂದಿನ ಸಾಲಿನವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಹಾಯ್ಟ್‌ನ ಎದೆ ಉಬ್ಬಿತು. ಈ ಚಪ್ಪಾಳೆ, ನಿಜ ನೋಡಿದರೆ, ಅವನಿಗೇ ಸಲ್ಲಬೇಕಾದದ್ದು.

ಡೂಯಿ ಚಿತ್ರವನ್ನು ಇನ್ನೊಂದಿಷ್ಟು ಕೆಳಗೆ ಸರಿಸಿದ. ಕೆನ್ನೆ ಬಂತು, ಗದ್ದ ಬಂತು, ಕುತ್ತಿಗೆಯ ಬುಡ ಬಂತು. ಅಲ್ಲಿ, ತಟ್ಟೆಯಗಲ, ಒಂದರ ಪಕ್ಕ ಒಂದು, ಅಚ್ಚುಕಟ್ಟಾದ ಮೂರು ಚುಕ್ಕೆಗಳಿದ್ದವು. ಚಪ್ಪಾಳೆ ಹಿಂದಿನ ಸಾಲಿನಿಂದ ಮುಂದಕ್ಕೆ ಒಂದೊಂದಾಗಿ ನಿಂತಿತು. “ಹಾಯ್ಟ್,” ಎಂದ ಡೂಯಿ ಮೆಲ್ಲಗೆ, “ಇದಕ್ಕೆ ನಿನ್ನ ಸಿಡುಬು ಬಂದಿದೆಯಲ್ಲೋ. ಇದು ನಿನ್ನ ಮೇಜಿಗೆ ಯಾವಾಗ ಬಂದಿತ್ತು?” ವರ್ಬೀನಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಗೋಡೆಯನ್ನು ನೋಡಿದಳು, ಆಮೇಲೆ ಹಾಯ್ಟ್‌ನ ಕಡೆ ತಿರುಗಿ, “ಹಾಗಾದ್ರೆ ಅವತ್ತು ಫೋನಲ್ಲಿ ಕುಟ್ತಿದ್ದದ್ದು ಮರಕುಟಿಗ ಅಲ್ವಾ ಮಗಾ?” ಎಂದಳು. ಇಲ್ಲ ಮೇಡಂ, ಲೈನು, ಎಂದು ಹೇಳಲು ಹಾಯ್ಟ್ ಬಾಯಿ ತೆರೆದ. ಮೊದಲು ಕೆಮ್ಮಿನ ಮಾತ್ರೆ ತಟ್ಟೆಗೆ ಬಿತ್ತು, ಅದರ ಹಿಂದೆಯೇ, ತಟ್ಟೆಯ ಅಂಚಿಗೆ ತಗುಲಿ ಸಣ್ಣಗೆ ಟಿಣ್ಣೆಂದು, ‘ಡಿ’ ಅಕ್ಷರ ಮೇಲಾಗಿ, ಇನ್ನೊಂದು ಬಿತ್ತು.